ಲ್ಯಾಪ್‌ಟಾಪಿನ ಹಾಡು ಹಳೇ ಆಂಪ್ಲಿಫೈಯರಿಗೆ: ಡ್ಯಾಕ್ ಜೋಡಿಸುವುದು ಹೇಗೆ?

ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಅಪ್ಪನ ಹಳೇ ಆಂಪ್ಲಿಫೈಯರ್ ಇದೆ. ಜೊತೆಗೆ ಮರದ ಪೆಟ್ಟಿಗೆಯ ಎರಡು ಸ್ಪೀಕರ್. ಅಪ್ಪ ಕೂಡಿಟ್ಟಿದ್ದ ಕ್ಯಾಸೆಟ್, ಸಿಡಿಗಳನ್ನೆಲ್ಲ ಹೋದ ವರ್ಷ ಲ್ಯಾಪ್‌ಟಾಪಿಗೆ ಹಾಕಿಟ್ಟೆವು. ಹೆಡ್‌ಫೋನ್ ಜಾಕ್‌ನಿಂದ ಒಂದು ವೈರ್ ಎಳೆದು ಆಂಪ್ಲಿಫೈಯರಿಗೆ ಕೊಟ್ಟೆವು. ಹಾಡು ಬಂತು. ಆದರೆ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಒಂದು ಮೀಟು ಮೆಲ್ಲಗೆ ಇಳಿದು, ತಂಬೂರಿ ಮಾತ್ರ ಉಳಿಯುವ ಜಾಗದಲ್ಲಿ, ಹಿಂದಿನಿಂದ ಸಣ್ಣಗೆ ‘ಕಿರ್ರ್’ ಅನ್ನುವ ಸದ್ದು. ಮೌಸ್ ಅಲ್ಲಾಡಿಸಿದರೆ ಆ ಸದ್ದೂ ಅಲ್ಲಾಡುತ್ತಿತ್ತು. ಅಪ್ಪ ಎರಡು ದಿನ ಕೇಳಿ, ಮೂರನೇ ದಿನ ಮತ್ತೆ ರೇಡಿಯೊ ಹಾಕಿಕೊಂಡರು.

ಆ ‘ಕಿರ್ರ್’ ಹೋಗಿಸಲು ನಾನು ಮಾಡಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪಿಗೂ ಆಂಪ್ಲಿಫೈಯರಿಗೂ ನಡುವೆ ಡ್ಯಾಕ್ (ಡಿಜಿಟಲ್ ಟು ಅನಲಾಗ್ ಕನ್ವರ್ಟರ್) ಅನ್ನುವ ಪೆಟ್ಟಿಗೆ ಜೋಡಿಸುವುದು ಹತ್ತು ನಿಮಿಷದ ಕೆಲಸ. ಅದಾದ ಮೇಲೆ ಸದ್ದು ಪೂರ್ತಿ ಹೋಗುವಂತೆ ಮಾಡುವುದೇ ನಿಜವಾದ ಕೆಲಸ.

ಕಂಪ್ಯೂಟರಿನಲ್ಲಿ ಹಾಡು ಅಂದರೆ ಬರೀ ಅಂಕಿಗಳು. ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಶಬ್ದದ ಅಳತೆ ತೆಗೆದು ಬರೆದಿಟ್ಟಿರುತ್ತಾರೆ. ಒಂದೊಂದು ಅಳತೆಗೂ 16 ಬಿಟ್, ಅಂದರೆ 65,536 ಮೆಟ್ಟಿಲು. ಸ್ಪೀಕರಿಗೆ ಅಂಕಿ ಅರ್ಥವಾಗುವುದಿಲ್ಲ, ಅದಕ್ಕೆ ಏರಿಳಿಯುವ ಕರೆಂಟ್ ಬೇಕು. ಅಂಕಿಯನ್ನು ಕರೆಂಟಾಗಿ ಬದಲಿಸುವುದೇ ಡ್ಯಾಕ್. ಹೆಡ್‌ಫೋನ್ ಜಾಕ್ ಇರುವ ಲ್ಯಾಪ್‌ಟಾಪಿನ ಒಳಗೂ ಒಂದು ಡ್ಯಾಕ್ ಇದ್ದೇ ಇರುತ್ತದೆ. ಆದರೆ ಪಾಪ, ಅದು ಕೂತಿರುವ ಜಾಗ ಸರಿಯಿಲ್ಲ. ಪ್ರೊಸೆಸರ್, ಫ್ಯಾನ್, ಸೆಕೆಂಡಿಗೆ ಲಕ್ಷಾಂತರ ಸಲ ಆನ್ ಆಫ್ ಆಗುವ ಪವರ್ ಸರ್ಕ್ಯೂಟು, ಎಲ್ಲವೂ ಅದೇ ಬೋರ್ಡಿನಲ್ಲಿ. ಆ ಗಲಾಟೆಯ ಚೂರು ಹಾಡಿನ ಜೊತೆ ಸೇರಿಕೊಂಡು ಬರುತ್ತದೆ. ಹೊರಗಿನ ಡ್ಯಾಕ್ ಈ ಬದಲಾವಣೆಯನ್ನು ಆ ಬೋರ್ಡಿನಿಂದ ಆಚೆ, ತನ್ನದೇ ಪೆಟ್ಟಿಗೆಯೊಳಗೆ ಮಾಡುತ್ತದೆ.

ಹಾಗಂತ ಎಲ್ಲರಿಗೂ ಇದು ಬೇಕು ಅಂತಿಲ್ಲ. ನಿಮ್ಮ ಜಾಕ್‌ಗೆ ಹೆಡ್‌ಫೋನ್ ಹಾಕಿ, ಹಾಡು ನಿಲ್ಲಿಸಿ, ವಾಲ್ಯೂಮ್ ಜಾಸ್ತಿ ಮಾಡಿ ಕೇಳಿ. ಏನೂ ಸದ್ದಿಲ್ಲದಿದ್ದರೆ ಆ ದುಡ್ಡನ್ನು ಒಳ್ಳೆಯ ಸ್ಪೀಕರಿಗೆ ಹಾಕಿ. ಕ್ಯಾಸೆಟ್ಟಿನಲ್ಲೇ ಇದ್ದ ‘ಸುಯ್’ ಸದ್ದನ್ನಾಗಲಿ, ಕಡಿಮೆ ಗುಣಮಟ್ಟದ ಎಂಪಿ3 ಹಾಡನ್ನಾಗಲಿ ಯಾವ ಡ್ಯಾಕೂ ಸರಿ ಮಾಡುವುದಿಲ್ಲ.

ಯಾವ ಕೇಬಲ್?

ಡ್ಯಾಕ್‌ನ ಹಿಂಭಾಗ ಒಮ್ಮೆ ನೋಡಿ. ಸಾಮಾನ್ಯವಾಗಿ ಒಂದು ಯುಎಸ್‌ಬಿ, ಒಂದು ಆಪ್ಟಿಕಲ್, ಒಂದು ಕೋಆಕ್ಸಿಯಲ್ ಇರುತ್ತದೆ. ಇವು ಅಂಕಿ ಒಳಗೆ ಬರುವ ದಾರಿಗಳು. ಕೆಂಪು ಬಿಳಿ ಬಣ್ಣದ ಎರಡು ಆರ್‌ಸಿಎ ಸಾಕೆಟ್‌ಗಳು ಹಾಡು ಹೊರಗೆ ಹೋಗುವ ದಾರಿ.

ಲ್ಯಾಪ್‌ಟಾಪಿಗೆ ಯುಎಸ್‌ಬಿಯೇ ಸುಲಭ. ಅನೇಕ ಡ್ಯಾಕ್‌ಗಳಲ್ಲಿ ಚೌಕಾಕಾರದ ಸಾಕೆಟ್ ಇರುತ್ತದೆ. ನಾನು ಎಸ್‌.ಪಿ. ರೋಡಿನ ಅಂಗಡಿಯೊಂದರಲ್ಲಿ ‘ಆಡಿಯೊ ಕೇಬಲ್’ ಅಂತ ಕೇಳಿದೆ. ಅಂಗಡಿಯವರು ಡ್ಯಾಕ್‌ನ ಫೋಟೊ ನೋಡಿ, “ಸಾರ್, ಪ್ರಿಂಟರ್ ಕೇಬಲ್ ಇದು, ಅದೇ ಸಾಕು, ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ” ಅಂದರು. ಅವರು ಹೇಳಿದ್ದು ಸರಿಯೇ. ಒಂದೂವರೆ ಮೀಟರಿನ ಗಟ್ಟಿ ಕೇಬಲ್ ಸಾಕು. ಟೈಪ್‌ ಸಿ ಸಾಕೆಟ್ ಇರುವ ಡ್ಯಾಕ್ ಆದರೆ ಒಂದು ಎಚ್ಚರಿಕೆ: ಮನೆಯಲ್ಲಿ ಬಿದ್ದಿರುವ ಕೆಲವು ಕೇಬಲ್‌ಗಳು ಚಾರ್ಜಿಂಗಿಗೆ ಮಾತ್ರ, ಒಳಗೆ ಡೇಟಾ ವೈರೇ ಇರುವುದಿಲ್ಲ. ಅದನ್ನು ಹಾಕಿದರೆ ಡ್ಯಾಕ್‌ನ ದೀಪ ಉರಿಯುತ್ತದೆ, ಕಂಪ್ಯೂಟರಿಗೆ ಮಾತ್ರ ಅದು ಕಾಣುವುದೇ ಇಲ್ಲ.

ಆಪ್ಟಿಕಲ್ ಕೇಬಲ್ ಬೇರೆಯೇ ಜಾತಿ. ಇದರಲ್ಲಿ ಹರಿಯುವುದು ಕರೆಂಟ್ ಅಲ್ಲ, ಕೆಂಪು ಬೆಳಕು. 1983ರಲ್ಲಿ ತೋಷಿಬಾ ಕಂಪನಿ ತಂದದ್ದರಿಂದ ಇದನ್ನು ‘ಟಾಸ್‌ಲಿಂಕ್’ ಅಂತಲೂ ಕರೆಯುತ್ತಾರೆ. ಕೆಲವು ಡೆಸ್ಕ್‌ಟಾಪ್‌ಗಳ ಹಿಂದೆ, ಬಹಳಷ್ಟು ಟಿವಿಗಳ ಹಿಂದೆ ಇದರ ಸಾಕೆಟ್ ಇರುತ್ತದೆ. ಹೊಸ ಕೇಬಲಿನ ಎರಡೂ ತುದಿಗೆ ಚಿಕ್ಕ ಪ್ಲಾಸ್ಟಿಕ್ ಟೋಪಿ ಇರುತ್ತದೆ, ಅದನ್ನು ತೆಗೆದೇ ಚುಚ್ಚಿ. ಕೇಬಲನ್ನು ಗೋಡೆ ಮೂಲೆಯಲ್ಲಿ ಮಡಚಿ ತೂರಿಸಬೇಡಿ. ಈ ಬೆಳಕಿನ ಕೇಬಲ್ ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಜೋಡಿಸುವ ಕ್ರಮ

ಮೊದಲು ಆಂಪ್ಲಿಫೈಯರ್ ಆಫ್ ಮಾಡಿ, ವಾಲ್ಯೂಮ್ ತಿರುಪನ್ನು ಪೂರ್ತಿ ಸೊನ್ನೆಗೆ ತನ್ನಿ. ಡ್ಯಾಕ್‌ನಿಂದ ಆರ್‌ಸಿಎ ವೈರ್ ತಂದು ಆಂಪ್ಲಿಫೈಯರಿನ ‘ಸಿಡಿ’ ಅಥವಾ ‘ಆಕ್ಸ್’ ಅಂತ ಬರೆದಿರುವ ಕಡೆ ಚುಚ್ಚಿ. ಬಿಳಿ ಎಡಕ್ಕೆ, ಕೆಂಪು ಬಲಕ್ಕೆ. ಹಳೇ ಆಂಪ್ಲಿಫೈಯರಿನಲ್ಲಿ ‘ಫೋನೋ’ ಅಂತ ಒಂದು ಜೋಡಿ ಇರುತ್ತದೆ. ನೋಡಲು ಒಂದೇ ಥರ, ಆದರೆ ಅದು ಗ್ರಾಮಫೋನ್ ಪ್ಲೇಟ್ ಹಾಕುವ ಟರ್ನ್‌ಟೇಬಲಿಗೆ. ಅದರ ಮುಳ್ಳಿನಿಂದ ಬರುವ ಸಿಗ್ನಲ್ ಬಹಳ ಸಣ್ಣದು, ಅದಕ್ಕೇ ಆಂಪ್ಲಿಫೈಯರ್ ಅಲ್ಲಿ ಬಂದದ್ದನ್ನು ಎಷ್ಟೋ ಪಟ್ಟು ಹಿಗ್ಗಿಸುತ್ತದೆ. ಡ್ಯಾಕ್ ಕೊಡುವುದು ಸುಮಾರು 2 ವೋಲ್ಟ್. ಅದನ್ನು ಫೋನೋಗೆ ಕೊಟ್ಟರೆ ಹಾಡೆಲ್ಲ ಒಡೆದು ಕೇಳುತ್ತದೆ, ಸ್ಪೀಕರಿಗೂ ಒಳ್ಳೆಯದಲ್ಲ.

ಆಮೇಲೆ ಯುಎಸ್‌ಬಿ ಕೇಬಲನ್ನು ನೇರ ಲ್ಯಾಪ್‌ಟಾಪಿಗೇ ಹಾಕಿ, ನಡುವೆ ಹಬ್ ಬೇಡ. ಡ್ಯಾಕ್ ಮೇಲೆ ಇನ್‌ಪುಟ್ ಬದಲಿಸುವ ಗುಂಡಿ ಇದ್ದರೆ ಯುಎಸ್‌ಬಿಗೆ ಇಡಿ. ಆಂಪ್ಲಿಫೈಯರ್ ಆನ್ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಆಫ್ ಮಾಡುವಾಗ ಅದೇ ಮೊದಲು. ಇಲ್ಲದಿದ್ದರೆ ಸ್ಪೀಕರಿನಲ್ಲಿ ‘ಧಡ್’ ಅಂತ ಹೊಡೆತ ಬೀಳುತ್ತದೆ.

ವಿಂಡೋಸ್ 10ಕ್ಕೆ 2017ರಲ್ಲಿ ಬಂದ ಅಪ್‌ಡೇಟ್‌ನಿಂದ ಈಚೆಗೆ ಹೆಚ್ಚಿನ ಡ್ಯಾಕ್‌ಗಳಿಗೆ ಬೇರೆ ಡ್ರೈವರ್ ಬೇಕಿಲ್ಲ. ಮ್ಯಾಕ್, ಲಿನಕ್ಸ್‌ಗಳಲ್ಲೂ ಅಷ್ಟೆ. ಆದರೆ ಕಂಪ್ಯೂಟರ್ ತಾನಾಗಿ ಹೊಸ ದಾರಿ ಹಿಡಿಯುತ್ತದೆ ಅಂತ ನಂಬಿ ಕೂರಬೇಡಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ ಔಟ್‌ಪುಟ್ ಪಟ್ಟಿಯಲ್ಲಿ ಡ್ಯಾಕ್ ಆರಿಸಿ. ಅದರ ಹೆಸರಿನ ಮೇಲೆ ಒತ್ತಿದರೆ ‘ಫಾರ್ಮ್ಯಾಟ್’ ಕಾಣುತ್ತದೆ. ನಿಮ್ಮ ಹಾಡುಗಳು ಹೆಚ್ಚಾಗಿ ಸಿಡಿಯಿಂದ ಬಂದವಾದರೆ 44,100 ಹರ್ಟ್ಸ್‌ಗೆ ಇಡಿ. ಬಿಟ್ 24 ಇರಲಿ. ಸಿನಿಮಾ, ವಿಡಿಯೊ ಜಾಸ್ತಿ ನೋಡುವವರು 48,000ಕ್ಕೆ ಇಡಬಹುದು, ವಿಡಿಯೊಗಳ ಶಬ್ದ ಸಾಮಾನ್ಯವಾಗಿ ಆ ಲೆಕ್ಕದಲ್ಲೇ ಇರುತ್ತದೆ. ಇಲ್ಲಿ ದೊಡ್ಡ ಅಂಕಿ ಒತ್ತಿದ ಮಾತ್ರಕ್ಕೆ ಹಾಡು ಚೆನ್ನಾಗುವುದಿಲ್ಲ. ಇಲ್ಲದ ಅಳತೆಗಳನ್ನು ಕಂಪ್ಯೂಟರ್ ನಡುವೆ ಲೆಕ್ಕ ಹಾಕಿ ತುಂಬುತ್ತದೆ, ಅಷ್ಟೆ. ಅಲ್ಲೇ ಕೆಳಗೆ ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್’ ಇದ್ದರೆ ಆಫ್ ಮಾಡಿ.

ಮ್ಯಾಕ್‌ನಲ್ಲಿ ಈ ಕೆಲಸಕ್ಕೆ ‘ಆಡಿಯೊ ಮಿಡಿ ಸೆಟಪ್’ ಅನ್ನುವ ಆ್ಯಪ್ ಮೊದಲೇ ಇರುತ್ತದೆ. ಉಬುಂಟು ಬಳಸುವವರು ಸೆಟ್ಟಿಂಗ್ಸ್‌ನ ಸೌಂಡ್‌ನಲ್ಲಿ ಔಟ್‌ಪುಟ್ ಬದಲಿಸಿದರೆ ಸಾಕು.

ಇನ್ನು ವಾಲ್ಯೂಮ್. ಎಲ್ಲ ಜೋಡಿಸಿ, ಆಂಪ್ಲಿಫೈಯರ್ ಸೊನ್ನೆಯಲ್ಲಿದೆ ಅಂತ ಇನ್ನೊಮ್ಮೆ ನೋಡಿ, ಕಂಪ್ಯೂಟರಿನ ವಾಲ್ಯೂಮ್ ನೂರಕ್ಕೆ ಇಡಿ. ಕಡಿಮೆ ಜಾಸ್ತಿ ಮಾಡುವುದೆಲ್ಲ ಆಂಪ್ಲಿಫೈಯರಿನ ತಿರುಪಿನಲ್ಲೇ ಇರಲಿ. ಡ್ಯಾಕ್‌ನಿಂದ ನೇರವಾಗಿ ಹೆಡ್‌ಫೋನ್‌ನಲ್ಲಿ ಕೇಳುವವರು ಮಾತ್ರ ಹೀಗೆ ಮಾಡಬೇಡಿ, ಕಿವಿಗೆ ಅಪಾಯ.

‘ಗುಂಯ್’ ಅನ್ನುವ ಇನ್ನೊಂದು ಸದ್ದು

ಇಷ್ಟು ಮಾಡಿ ಹಾಡು ಹಾಕಿದೆ. ‘ಕಿರ್ರ್’ ಹೋಗಿತ್ತು. ಆದರೆ ಅದರ ಜಾಗದಲ್ಲಿ ‘ಗುಂಯ್’ ಅನ್ನುವ ದಪ್ಪ ಸದ್ದು ಕೂತಿತ್ತು. ತಂಬೂರಿಯ ಪಕ್ಕದಲ್ಲಿ ಇನ್ನೊಂದು ಅಪಸ್ವರದ ತಂಬೂರಿ ಇಟ್ಟ ಹಾಗೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತದಲ್ವಾ, ಆ ಸದ್ದು ಅದರದ್ದು.

ಪರಿಚಯದ ಒಬ್ಬ ಎಲೆಕ್ಟ್ರಿಷಿಯನ್, “ಚಾರ್ಜರಿನ ಅರ್ಥ್ ಪಿನ್ ಕಿತ್ತಾಕಿ ಸಾರ್, ನಿಂತೋಗತ್ತೆ” ಅಂದರು. ದಯವಿಟ್ಟು ಇದನ್ನು ಮಾಡಬೇಡಿ. ಸದ್ದು ನಿಲ್ಲಬಹುದು. ಆದರೆ ಒಳಗೆ ಏನಾದರೂ ಕೆಟ್ಟಾಗ ನಮ್ಮ ಜೀವ ಉಳಿಸುವುದು ಆ ದಪ್ಪ ಪಿನ್ನೇ.

ಸದ್ದಿನ ಮೂಲ ಹುಡುಕಲು ಒಂದೊಂದೇ ವೈರ್ ತೆಗೆದು ನೋಡಬೇಕು. ನಾನು ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ‘ಗುಂಯ್’ ತಟ್ಟನೆ ನಿಂತಿತು. ಸರಿ, ಆದರೆ ಬ್ಯಾಟರಿಯಲ್ಲಿ ಎಷ್ಟು ಹೊತ್ತು ಕೇಳುವುದು? ಚಾರ್ಜರ್ ಮತ್ತೆ ಹಾಕಿ ಆಂಪ್ಲಿಫೈಯರಿನ ಹಿಂದೆ ಇನ್ನೇನಿದೆ ಅಂತ ಟಾರ್ಚ್ ಬಿಟ್ಟು ನೋಡಿದೆ. ಟಿವಿಯ ಸೆಟ್‌ಟಾಪ್ ಬಾಕ್ಸಿನಿಂದ ಒಂದು ಆಡಿಯೊ ವೈರ್ ಬಂದಿತ್ತು, ಅಪ್ಪ ನ್ಯೂಸ್ ಕೇಳಲು ಹಾಕಿಸಿದ್ದು. ಆ ಬಾಕ್ಸಿಗೆ ಬೀದಿಯ ಕಂಬದಿಂದ ಕೇಬಲ್ ಟಿವಿಯ ಕಪ್ಪು ವೈರ್. ತಿರುಪು ಬಿಚ್ಚಿ ಆ ವೈರ್ ತೆಗೆದೆ. ಚಾರ್ಜರ್ ಹಾಕಿಯೇ ಇತ್ತು, ಆದರೂ ಸದ್ದಿಲ್ಲ.

ಆಗ ವಿಷಯ ಬಿಡಿಸಿಕೊಂಡಿತು. ಚಾರ್ಜರ್ ಮೂಲಕ ನಮ್ಮ ಮನೆಯ ಅರ್ಥ್ ಒಂದು ಕಡೆ, ಬೀದಿ ಕೇಬಲಿನ ಅರ್ಥ್ ಇನ್ನೊಂದು ಕಡೆ. ಎರಡರ ವೋಲ್ಟೇಜಿನಲ್ಲಿ ಚೂರು ವ್ಯತ್ಯಾಸ. ಲ್ಯಾಪ್‌ಟಾಪ್, ಡ್ಯಾಕ್, ಆಂಪ್ಲಿಫೈಯರ್, ಸೆಟ್‌ಟಾಪ್ ಬಾಕ್ಸ್ ಎಲ್ಲ ಸೇರಿ ಒಂದು ಸುತ್ತು ಆಗಿ, ಆ ವ್ಯತ್ಯಾಸ ನಮ್ಮ ಆಡಿಯೊ ವೈರಿನ ಮೂಲಕವೇ ಹರಿಯುತ್ತಿತ್ತು. ಇದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ಬರೀ ದುಬಾರಿ ಡ್ಯಾಕ್ ತಂದ ಮಾತ್ರಕ್ಕೆ ಇದು ಹೋಗುವುದಿಲ್ಲ, ಸುತ್ತನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಲೇಬೇಕು.

ಇಲ್ಲಿ ಕೈ ಹಿಡಿದದ್ದು ಬೆಳಕಿನ ಕೇಬಲ್. ಸೆಟ್‌ಟಾಪ್ ಬಾಕ್ಸಿನಿಂದ ಆಂಪ್ಲಿಫೈಯರಿಗೆ ಇದ್ದ ವೈರ್ ತೆಗೆದುಬಿಟ್ಟೆ. ಟಿವಿಯ ಆಪ್ಟಿಕಲ್ ಔಟ್‌ನಿಂದ ಡ್ಯಾಕ್‌ನ ಆಪ್ಟಿಕಲ್ ಇನ್‌ಗೆ ಕೇಬಲ್ ಹಾಕಿದೆ. ಅದರಲ್ಲಿ ಲೋಹವೇ ಇಲ್ಲ, ಕರೆಂಟ್ ದಾಟುವ ದಾರಿಯೇ ಇಲ್ಲ. ಮೊದಲು ಟಿವಿಯಿಂದ ಶಬ್ದ ಬರಲಿಲ್ಲ. ಟಿವಿಯ ಡಿಜಿಟಲ್ ಆಡಿಯೊ ಸೆಟ್ಟಿಂಗನ್ನು ‘ಪಿಸಿಎಂ’ಗೆ ಬದಲಿಸಿದ ಮೇಲೆ ಬಂತು. ಡಾಲ್ಬಿಯಲ್ಲಿ ಕಳಿಸಿದರೆ ಸಾಧಾರಣ ಸ್ಟೀರಿಯೊ ಡ್ಯಾಕ್‌ಗೆ ಅದು ಬಿಡಿಸಲು ಬರುವುದಿಲ್ಲ. ಈಗ ನ್ಯೂಸ್ ಬೇಕಾದರೆ ಡ್ಯಾಕ್‌ನ ಗುಂಡಿ ಆಪ್ಟಿಕಲ್‌ಗೆ, ಹಾಡು ಬೇಕಾದರೆ ಯುಎಸ್‌ಬಿಗೆ. ಅಪ್ಪನಿಗೆ ಗೊತ್ತಾಗಲಿ ಅಂತ ಗುಂಡಿಯ ಪಕ್ಕ ಚೀಟಿ ಬರೆದು ಅಂಟಿಸಿದ್ದೇನೆ.

ಟಿವಿಯಲ್ಲಿ ಆಪ್ಟಿಕಲ್ ಇಲ್ಲದವರು ಬೀದಿ ವೈರ್ ಬಾಕ್ಸಿಗೆ ಸೇರುವ ಜಾಗದಲ್ಲಿ ಐಸೊಲೇಟರ್, ಅಂದರೆ ಟಿವಿ ಸಿಗ್ನಲ್ ಬಿಟ್ಟು ಈ ‘ಗುಂಯ್’ ಕರೆಂಟನ್ನು ಮಾತ್ರ ತಡೆಯುವ ಸಾಧನ ಹಾಕಬಹುದು. ಬೆಂಗಳೂರಿನ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಆ ಕಪ್ಪು ವೈರನ್ನೂ ಪ್ಲಗ್‌ಗಳನ್ನೂ ಮೊದಲೇ ತೆಗೆದಿಡುವುದು ಒಳ್ಳೆಯದು. ಸಿಡಿಲು ಬಡಿದರೆ ಅದು ಆ ವೈರ್ ಹಿಡಿದೇ ಒಳಗೆ ಬರಬಹುದು.

ಎಲ್ಲ ಮುಗಿದ ದಿನ ಸಂಜೆ ಅದೇ ವೀಣೆ ಹಾಕಿದೆ. ಮೀಟು ಇಳಿಯಿತು, ತಂಬೂರಿ ಉಳಿಯಿತು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಾ ಕೈ ಮಾತ್ರ ಎತ್ತಿ, “ಆ ಫ್ಯಾನ್ ಸ್ವಲ್ಪ ಆಫ್ ಮಾಡೋ” ಅಂದರು.