ಪ್ರಳಯಾನಂತರದ ಯುದ್ಧದಾಟದಲ್ಲಿ ಡ್ರೋನ್ ಹಾರಿಸುವುದು ಹೇಗೆ?

ದಾಳ ಉರುಳಿಸುತ್ತಾ ಪಾತ್ರ ವಹಿಸಿ ಆಡುವ ಆಟಗಳಿಗೆ ಕಲಬುರಗಿಯ ತರುಣರು ಹೆಣೆಯುವ ಕಥೆಗಳಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ಕಾಣುತ್ತದೆ. ನಾಗರಿಕತೆ ಕುಸಿದು ಇಪ್ಪತ್ತು ವರ್ಷಗಳಾಗಿರುತ್ತವೆ, ಕಾಗಿಣಾ ನದಿಯ ಎರಡು ದಡಗಳ ಪಡೆಗಳಿಗೂ ಬಂದೂಕಿನ ಗುಂಡಿಗೆ ಬರವಿರುತ್ತದೆ, ಡ್ರೋನ್ ಮಾತ್ರ ನಿನ್ನೆ ಅಂಗಡಿಯಿಂದ ತಂದಂತೆ ಹಾರುತ್ತಿರುತ್ತದೆ. ಅಂಥ ಯುದ್ಧದಲ್ಲಿ ಡ್ರೋನ್ ಇರಬಾರದೆಂದೇನೂ ಇಲ್ಲ, ಆದರೆ ಆಟ ನಡೆಸುವವರು ಅದರ ಲೆಕ್ಕ ಇಡಬೇಕು.

ಮೊದಲಿಗೆ, ಕುಸಿತ ನಡೆದು ಎಷ್ಟು ವರ್ಷವಾಯಿತೆಂದು ಬರೆದಿಡಿ.

ಎರಡನೆಯದಾಗಿ, ಸೇನೆಯ ದೊಡ್ಡ ಡ್ರೋನ್‌ಗಳನ್ನು ಕೈಬಿಡಿ. ಅಮೆರಿಕದ ರೀಪರ್ ದೂರದ ಕಾರ್ಯಾಚರಣೆಗೆ ಉಪಗ್ರಹ ಸಂಪರ್ಕವನ್ನು ನೆಚ್ಚಿಕೊಂಡಿದೆ. ಸುಮಾರು 12 ಮೀಟರ್ ರೆಕ್ಕೆಯಗಲದ ಟರ್ಕಿಯ ಬೈರಕ್ತಾರ್ ಟಿಬಿ2ಗೆ ರನ್‌ವೇ, ಇಂಧನ, ಪಳಗಿದ ತಂಡ ಎಲ್ಲವೂ ಬೇಕು. ಬೀದರ್ ವಾಯುನೆಲೆಯ ಗೋದಾಮಿನಲ್ಲಿ ಸಿಕ್ಕವೆಂದು ಹೇಳಿ ಪಾರಾಗುವವರಿದ್ದಾರೆ. ಅದು ಪೈಲಟ್‌ಗಳಿಗೆ ತರಬೇತಿ ನೀಡುವ ನೆಲೆ, ಆ ಸುಳ್ಳಿಗೆ ಅಲ್ಲಿ ಜಾಗವಿಲ್ಲ. ಕಥೆಗೆ ಉಳಿಯುವುದು ಮದುವೆಯ ಚಿತ್ರೀಕರಣದ ಕ್ವಾಡ್‌ಕಾಪ್ಟರ್ (ನಾಲ್ಕು ಮೋಟಾರಿನ ಚಿಕ್ಕ ಡ್ರೋನ್) ಮತ್ತು ತೊಗರಿ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನ್.

ಮೂರನೆಯ ಹಂತ ಬ್ಯಾಟರಿ. ಬಹುತೇಕರು ಎಡವುವುದು ಇಲ್ಲಿಯೇ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಮುಪ್ಪಾಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಬಿಸಿಲಲ್ಲಿಟ್ಟರೆ ಇನ್ನೂ ಬೇಗ. ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ತಗಡಿನ ಕೋಣೆಯೊಳಗಿನ ಗತಿ ಹೇಳಬೇಕಾಗಿಲ್ಲ. ಕೆಲವು ಕೋಶಗಳು (ಸೆಲ್‌ಗಳು) ಸೇರಿ ಒಂದು ಬ್ಯಾಟರಿ ಪ್ಯಾಕ್ ಆಗುತ್ತದೆ; ತುಂಬಿದ ಕೋಶದಲ್ಲಿ 4.2 ವೋಲ್ಟ್ ಇರುತ್ತದೆ, ಎತ್ತಿಡುವಾಗ 3.8ರ ಆಸುಪಾಸಿನಲ್ಲಿರಬೇಕು, 3ಕ್ಕಿಂತ ತೀರಾ ಕೆಳಗಿಳಿದರೆ ಕೋಶ ಕೆಡುತ್ತದೆ ಮತ್ತು ಅದನ್ನು ಮತ್ತೆ ಚಾರ್ಜ್ ಮಾಡಲು ಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಕೆಟ್ಟ ಪ್ಯಾಕ್ ಹಪ್ಪಳದಂತೆ ಉಬ್ಬುತ್ತದೆ, ಹರಿದಲ್ಲಿ ಸಿಹಿ ಬೆರೆತ ಥಿನ್ನರ್ ವಾಸನೆ ಬರುತ್ತದೆ. ಇದಕ್ಕಿಂತ ಮೋಸದ್ದು ಹೊರಗೆ ನೆಟ್ಟಗೆ ಕಾಣುವ ಹಳೆಯ ಪ್ಯಾಕ್: ಮೀಟರ್ ಹಚ್ಚಿದರೆ ತುಂಬಿದೆ ಎನ್ನುತ್ತದೆ, ಆದರೆ ಒಳಗಿನ ರೋಧ ಹೆಚ್ಚಿರುವುದರಿಂದ ನಾಲ್ಕೂ ಮೋಟಾರುಗಳು ಒಮ್ಮೆಲೇ ವಿದ್ಯುತ್ ಎಳೆದಾಗ ವೋಲ್ಟೇಜ್ ಕುಸಿದು ಡ್ರೋನ್ ಕಲ್ಲಿನಂತೆ ಬೀಳುತ್ತದೆ. ಆದ್ದರಿಂದ ಪ್ರತಿ ಪ್ಯಾಕಿಗೂ ಒಂದು ಚೀಟಿ ಮಾಡಿ, ಮೇಲೇರುವಾಗ ಮತ್ತು ಎದುರುಗಾಳಿಗೆ ಸಿಕ್ಕಾಗ ದಾಳ ಹಾಕಿಸಿ. ನಿಮಿಷ ಎಣಿಸುವ ನಿಯಮಕ್ಕಿಂತ ಇದೇ ಸರಿ. ಹತ್ತು ವರ್ಷ ದಾಟಿದ ಕಥೆಯಲ್ಲಿ ಇಡೀ ಜಿಲ್ಲೆಗೆ ಬೆರಳೆಣಿಕೆಯ ಪ್ಯಾಕ್‌ಗಳಿಗಿಂತ ಹೆಚ್ಚು ಕೊಡಬೇಡಿ.

ಹಳೆಯ ಲ್ಯಾಪ್‌ಟಾಪ್‌ಗಳ 18650 ಎಂಬ ಉರುಳೆಯಾಕಾರದ ಲಿಥಿಯಂ ಕೋಶಗಳನ್ನು ಜೋಡಿಸುತ್ತೇವೆಂದು ಆಟಗಾರರು ಹಟ ಹಿಡಿದರೆ ಒಪ್ಪಿಕೊಳ್ಳಬಹುದು, ಆದರೆ ಅವು ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾರವು. ನಿಧಾನವಾಗಿ ತೇಲುವ, ಸ್ಥಿರ ರೆಕ್ಕೆಯ ಥರ್ಮಾಕೋಲ್ ವಿಮಾನಕ್ಕಷ್ಟೇ ಸಾಕು. ಇಂದಿನ ಸಂತೆಯಲ್ಲೂ 9900 ಎಂಎಎಚ್ (ಕೋಶ ಹಿಡಿದಿಡುವ ಚಾರ್ಜಿನ ಅಳತೆ) ಎಂದು ಬರೆದುಕೊಂಡ ಇಂಥ ಕೋಶಗಳು ಸಿಗುತ್ತವೆ. ಒಳ್ಳೆಯ ಕೋಶದ್ದೇ 3500ರ ಸುಮಾರಿಗೆ ನಿಲ್ಲುತ್ತದೆ, ಉಳಿದದ್ದು ಲೇಬಲ್ಲಿನ ಬಡಾಯಿ.

ಚಾರ್ಜ್ ಮಾಡಲು ಸೌರಫಲಕ ಸಾಕು, ಅವು ದಶಕಗಟ್ಟಲೆ ಬಾಳುತ್ತವೆ.

ನಾಲ್ಕನೆಯದು ದಾರಿ ತೋರುವ ವ್ಯವಸ್ಥೆ. ಜಿಪಿಎಸ್ ಉಪಗ್ರಹಗಳಿಗೆ ಕಕ್ಷೆ ಮತ್ತು ಗಡಿಯಾರದ ತಿದ್ದುಪಡಿಗಳು ನೆಲದಿಂದ ಹೋಗುತ್ತಿರಬೇಕು. ಅದು ನಿಂತರೆ ತಪ್ಪು ಬೆಳೆಯುತ್ತಾ ಹೋಗಿ, ತಿಂಗಳುಗಳಲ್ಲಿ ನೆಚ್ಚಿಕೆ ಉಳಿಯದು. ಆ ಮೇಲೆ ಕಣ್ಣು ಮತ್ತು ರೇಡಿಯೊ ಮಾತ್ರ. ಎರೆಭೂಮಿಯ ಬಯಲಿನಲ್ಲಿ ಎತ್ತರಕ್ಕೆ ಬೆಲೆ ಬರುವುದರಿಂದ ಬೀದರ್‌ನಲ್ಲಿ ಆಂಟೆನಾವನ್ನು ಮಹಮೂದ್ ಗವಾನ್ ಮದರಸಾದ ಮಿನಾರಿಗೆ ಏರಿಸಿ. ವೈರಿಯೂ ಮೊದಲು ಅಲ್ಲಿಗೇ ಗುರಿಯಿಡುತ್ತಾನೆ. ಆ್ಯಪ್‌ನಲ್ಲಿ ನೋಂದಾಯಿಸದೆ ಮೇಲೇಳಲು ಒಪ್ಪದ ಡ್ರೋನ್‌ಗಳನ್ನು ಗುಜರಿ ಎಂದೇ ಬರೆಯಿರಿ.

ಕೊನೆಗೆ, ಡ್ರೋನ್‌ಗೆ ಬೇಹುಗಾರಿಕೆಯ ಕೆಲಸವನ್ನೇ ಕೊಡಿ. ದಾಳಿ ಮಾಡುವ ಯಂತ್ರ ಬೇಕೇ ಬೇಕೆಂದರೆ 1918ರಲ್ಲಿ ಅಮೆರಿಕದಲ್ಲಿ ತಯಾರಾದ, ಪೈಲಟ್ ಇಲ್ಲದೆ ಹಾರುವ ಬಾಂಬ್ ಕೆಟರಿಂಗ್ ಬಗ್ ಮಾದರಿಯಾಗಲಿ: ಮರ ಮತ್ತು ರಟ್ಟಿನ ಮೈ, ಚಿಕ್ಕ ಎಂಜಿನ್, ನಿಗದಿಪಡಿಸಿದಷ್ಟು ಸುತ್ತು ಎಂಜಿನ್ ತಿರುಗಿದೊಡನೆ ಅದು ನಿಂತು ರೆಕ್ಕೆ ಕಳಚುವ ಏರ್ಪಾಡು. ವಾಡಿ ಪಟ್ಟಣದ ಒಂದು ವರ್ಕ್‌ಶಾಪಿನಲ್ಲಿ ಇಂಥದ್ದು ತಯಾರಾಯಿತೆಂದರೆ ಯಾರೂ ತಕರಾರು ತೆಗೆಯಲಾರರು. ಗುರಿ ಮಾತ್ರ ಒಂದು ಮನೆಯಾಗದೆ ಒಂದು ಊರಾಗಿರಲಿ, ಬೀಳುವ ಜಾಗವನ್ನು ದಾಳವೇ ತೀರ್ಮಾನಿಸಲಿ.