ರೋಟರಿ ಎಂಜಿನ್ನಿನ ನಾಲ್ಕು ಪ್ಲಗ್‌ಗಳು: ಬೆಳಗಿನ ನಡುಕಕ್ಕೆ ಮೊದಲು ನೋಡಬೇಕಾದ ಜಾಗ

ರಾತ್ರಿಯಿಡೀ ನಿಂತಿದ್ದ ಮಾಜ್ದಾ ಆರ್‌ಎಕ್ಸ್-8 ಕಾರನ್ನು (ಪಿಸ್ಟನ್ ಬದಲು ಮೂರು ಮುಖದ ರೋಟರ್ ತಿರುಗುವ ರೋಟರಿ ಎಂಜಿನ್ನಿನದು) ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಸದ್ದಿಗಿಂತ ಜೋರಾಗಿ ಕೇಳಿಸುವುದು ಏರ್ ಪಂಪಿನ ಗುಂಯ್ ಎಂಬ ಸದ್ದು. ಸ್ವಲ್ಪ ಹೊತ್ತಿನಲ್ಲಿ ಪಂಪು ನಿಲ್ಲುತ್ತದೆ, ಏರಿದ್ದ ಆರ್‌ಪಿಎಂ ಇಳಿಯುತ್ತದೆ. ಆರೋಗ್ಯವಾಗಿರುವ ಎಂಜಿನ್ ಆಗ ಸದ್ದಡಗಿ ಸಮನಾಗಿ ಓಡುತ್ತದೆ. ಆರೋಗ್ಯವಿಲ್ಲದ್ದು ಅದೇ ಕ್ಷಣದಲ್ಲಿ ತಡವರಿಸಲು ಶುರು ಮಾಡುತ್ತದೆ. ಮುಳ್ಳು ಮೇಲೆ ಕೆಳಗೆ ಆಡುತ್ತದೆ, ಸ್ಟಿಯರಿಂಗ್ ನಡುಗುತ್ತದೆ, ಹಿಂದಿನಿಂದ ಹಸಿ ಪೆಟ್ರೋಲಿನ ವಾಸನೆ ಬರುತ್ತದೆ. ರೋಟರಿ ಕಾರು ಇಟ್ಟುಕೊಂಡವರು ಇದನ್ನು ಕಂಡೊಡನೆ ‘ಸೀಲ್ ಹೋಯಿತು, ಎಂಜಿನ್ ಬಿಚ್ಚಬೇಕು’ ಎಂದು ಎದೆಗುಂದುತ್ತಾರೆ. ರೋಟರಿನ ಅಂಚುಗಳಲ್ಲಿ ಒತ್ತಡ ಸೋರದಂತೆ ತಡೆಯುವ ಪಟ್ಟಿಗಳೇ ಈ ಸೀಲುಗಳು. ನಾನು ನೋಡಿದ ಇಂಥ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪ್ಲಗ್ ಮತ್ತು ಅದಕ್ಕೆ ಕಿಡಿಯ ವಿದ್ಯುತ್ ಕೊಡುವ ಕಾಯಿಲ್ ಬದಲಾಯಿಸಿದ ಮೇಲೆ ಸರಿಹೋಗಿವೆ. ಇನ್ನು ಕೆಲವು, ಪ್ಲಗ್ ಬದಲಾಯಿಸಲು ಹೋಗಿಯೇ ಕೆಟ್ಟಿವೆ. ಈ ಲೇಖನ ಬರೆಯುತ್ತಿರುವುದು ಆ ಎರಡನೆಯ ಬಗೆಯ ಕಾರುಗಳನ್ನು ನೋಡಿದ ಸಂಕಟದಿಂದ.

ರೋಟರಿಯ ಪ್ಲಗ್ ಬೇಗ ಸವೆಯುವುದಕ್ಕೆ ಕಾರಣವಿದೆ. ಸಾಮಾನ್ಯ ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದು ಸಿಲಿಂಡರಿನಲ್ಲಿ ಶಾಫ್ಟ್ ಎರಡು ಸುತ್ತು ತಿರುಗಿದಾಗ ಒಮ್ಮೆ ಬೆಂಕಿ ಹತ್ತುತ್ತದೆ. ರೋಟರಿಯಲ್ಲಿ ಪ್ರತಿ ಸುತ್ತಿಗೂ ಪ್ರತಿ ರೋಟರಿನಲ್ಲಿ ಒಮ್ಮೆ ಹತ್ತುತ್ತದೆ. ಅಂದರೆ 9,000 ಆರ್‌ಪಿಎಂನಲ್ಲಿ ಒಂದು ಪ್ಲಗ್ ಸೆಕೆಂಡಿಗೆ 150 ಸಲ ಕಿಡಿ ಹಾರಿಸಬೇಕು. ಸಾಲದೆಂಬಂತೆ, ಸೀಲುಗಳು ಸವೆಯದಿರಲಿ ಎಂದು ಈ ಎಂಜಿನ್ ತನ್ನ ಆಯಿಲನ್ನೇ ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟು ಸುಡುತ್ತದೆ. ಅದರ ಮಸಿಯೂ ಪ್ಲಗ್ಗಿನ ಮೇಲೆಯೇ ಕೂರುತ್ತದೆ. ನಾನಂತೂ 40,000 ಕಿಲೋಮೀಟರಿಗೆ ನಾಲ್ಕೂ ಪ್ಲಗ್ ಬದಲಾಯಿಸುತ್ತೇನೆ, ತಡವರಿಕೆ ಬರಲಿ ಎಂದು ಕಾಯುವುದಿಲ್ಲ.

ಯಾವುದು ಎಲ್ಲಿಗೆ

ಎರಡು ರೋಟರಿನ ಎಂಜಿನ್ನಿಗೆ ನಾಲ್ಕು ಪ್ಲಗ್. ರೋಟರಿಯ ದಹನ ಕೋಣೆ ಉದ್ದವಾಗಿ, ತೆಳುವಾಗಿ ಇರುವುದರಿಂದ ಒಂದೇ ಕಿಡಿ ಮೂಲೆಮೂಲೆಗೆ ಮುಟ್ಟುವುದಿಲ್ಲ. ಅದಕ್ಕೇ ಒಂದು ರೋಟರಿಗೆ ಎರಡು ಪ್ಲಗ್. 1991ರ ಲೆ ಮಾನ್ಸ್ ಓಟ ಗೆದ್ದ ಮಾಜ್ದಾ 787ಬಿ ಕಾರಿನ ಎಂಜಿನ್ನಿನಲ್ಲಿ ಒಂದೊಂದು ರೋಟರಿಗೆ ಮೂರು ಪ್ಲಗ್ ಇದ್ದವು. ನಮ್ಮ ಕಾರಿನಲ್ಲಿ ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎರಡೂ ಒಂದೇ ಅಲ್ಲ. ಆರ್‌ಎಕ್ಸ್-8ಕ್ಕೆ ಎನ್‌ಜಿಕೆಯ ಆರ್‌ಇ7ಸಿ-ಎಲ್ ಕೆಳಗೆ, ಆರ್‌ಇ9ಬಿ-ಟಿ ಮೇಲೆ. ಹೆಸರಿನ ಕೊನೆಯ ಅಕ್ಷರವೇ ಜಾಗವನ್ನು ಹೇಳುತ್ತದೆ. ಎನ್‌ಜಿಕೆಯ ಲೆಕ್ಕದಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ‘ತಣ್ಣನೆಯದು’, ಅಂದರೆ ಶಾಖವನ್ನು ಬೇಗ ಹೊರಗೆ ದಾಟಿಸುವಂಥದು. ಹಾಗಾಗಿ 7 ಮತ್ತು 9 ಅದಲು ಬದಲಾಗಬಾರದು.

ಅಗ್ಗಕ್ಕೆ ಸಿಗುವ ‘ಯಾವ ಎಂಜಿನ್ನಿಗೂ ಸರಿ’ ಎನ್ನುವ ಪ್ಲಗ್‌ಗಳನ್ನು ದಯವಿಟ್ಟು ತರಬೇಡಿ. ಡಬ್ಬಿಯ ಮೇಲಿನ ಅಚ್ಚು ಮಸುಕಾಗಿದ್ದರೆ, ಪಿಂಗಾಣಿಯ ಮೇಲಿನ ಬರಹ ಉಗುರಿಗೆ ಕಿತ್ತು ಬಂದರೆ ಅದು ನಕಲಿ ಎಂದು ತಿಳಿದು ಹಿಂತಿರುಗಿಸಿ. ಹಳೆಯ ಪ್ಲಗ್ಗನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಮತ್ತೆ ಹಾಕುವುದೂ ಬೇಡ. ಇರಿಡಿಯಂ ತುದಿ ಸೂಜಿಯಷ್ಟು ತೆಳ್ಳಗಿರುತ್ತದೆ, ಉಜ್ಜಿದರೆ ಹಾಳಾಗುತ್ತದೆ. ಗ್ಯಾಪ್ ಸರಿ ಮಾಡಲು ಹೋಗಬೇಡಿ, ಅದು ಕಾರ್ಖಾನೆಯಲ್ಲೇ ಹೊಂದಿಸಿ ಬಂದಿರುತ್ತದೆ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ರೋಟರ್ ಹೌಸಿಂಗ್ (ರೋಟರ್ ತಿರುಗುವ ಹೊರಕವಚ) ಅಲ್ಯೂಮಿನಿಯಂನದು, ಬಿಸಿಯಿದ್ದಾಗ ಬಿಚ್ಚಿದರೆ ಥ್ರೆಡ್ ಕಿತ್ತು ಬರುವ ಅಪಾಯವಿದೆ. ಪ್ಲಗ್‌ಗಳು ಎಂಜಿನ್ನಿನ ಎಡಗಡೆ, ತಗ್ಗಿನಲ್ಲಿವೆ. ಕಾರನ್ನು ಎತ್ತಿ, ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಎಡ ಮುಂಚಕ್ರ ತೆಗೆದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ.

ಪ್ಲಗ್ ವೈರುಗಳಿಗೆ ಪಟ್ಟಿ ಅಂಟಿಸಿ ಗುರುತು ಬರೆಯಿರಿ: ಮುಂದಿನ ರೋಟರ್ ಮೇಲೆ, ಮುಂದಿನ ರೋಟರ್ ಕೆಳಗೆ, ಹೀಗೆ. ಆಮೇಲೂ ಒಂದೊಂದೇ ವೈರ್ ತೆಗೆದು, ಒಂದೊಂದೇ ಪ್ಲಗ್ ಬದಲಾಯಿಸಿ. ನಾಲ್ಕನ್ನೂ ಒಟ್ಟಿಗೆ ಕಿತ್ತು ನೆಲದ ಮೇಲೆ ಸಾಲಾಗಿ ಇಟ್ಟುಕೊಂಡವರು ವೈರ್ ತಪ್ಪಾಗಿ ಕೂರಿಸಿ, ಹೊಸ ಪ್ಲಗ್ ಹಾಕಿದ ಮೇಲೆ ಎಂಜಿನ್ ಇನ್ನೂ ಕೆಟ್ಟಿತು ಎಂದು ಕಂಗಾಲಾದುದನ್ನು ನೋಡಿದ್ದೇನೆ. ವೈರನ್ನು ಎಳೆಯಬೇಡಿ, ರಬ್ಬರ್ ಟೋಪಿಯನ್ನು ಹಿಡಿದು ತುಸು ತಿರುಗಿಸಿ ಸಡಿಲಿಸಿ.

ಪ್ಲಗ್ ಸಡಿಲಿಸುವ ಮೊದಲು ಅದರ ಸುತ್ತಲಿನ ಮಣ್ಣು, ಮರಳನ್ನು ಗಾಳಿ ಊದಿ ತೆಗೆಯಿರಿ. ಇದನ್ನು ಬಿಡಲೇಬೇಡಿ. ಪ್ಲಗ್ ತೆಗೆದ ಕೂಡಲೇ ಆ ತೂತಿನ ಆಚೆಗೆ ಇರುವುದು ಅಪೆಕ್ಸ್ ಸೀಲ್ (ರೋಟರಿನ ಮೂಲೆಯ ಸೀಲ್) ಉಜ್ಜಿಕೊಂಡು ಓಡಾಡುವ ನಯವಾದ ಗೋಡೆ. ಒಂದು ಮರಳ ಕಾಳು ಒಳಗೆ ಬಿದ್ದರೂ ಅಲ್ಲಿ ಗೀರು ಮೂಡುತ್ತದೆ. ಬಿಚ್ಚಲು 21 ಮಿಲಿಮೀಟರಿನ, ಒಳಗೆ ರಬ್ಬರ್ ಇರುವ ಪ್ಲಗ್ ಸಾಕೆಟ್ಟೇ ಬೇಕು.

ತೆಗೆದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ತಿಳಿ ಕಂದು ಬಣ್ಣವಿದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಆ ಪ್ಲಗ್ ಹೊತ್ತಿಕೊಳ್ಳುತ್ತಲೇ ಇಲ್ಲ. ಕೆಳಗಿನ ಎರಡನ್ನು ಹೆಚ್ಚು ಎಚ್ಚರದಿಂದ ನೋಡಿ. ಟ್ರೇಲಿಂಗ್ ಕಿಡಿ ಇಲ್ಲದೆಯೂ ಎಂಜಿನ್ ಹೇಗೋ ನಡೆಯುತ್ತದೆ, ಲೀಡಿಂಗ್ ಕೈಕೊಟ್ಟರೆ ಐಡ್ಲಿಂಗಿನಲ್ಲೇ ನಡುಗುತ್ತದೆ.

ಕೂರಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಕಣ್ಣಿಗೆ ಕಾಣದ ಜಾಗ. ಕೈ ಮಡಚಿ, ಬೆರಳ ತುದಿಯಿಂದ ತೂತು ಹುಡುಕಬೇಕು. ಆ ಅವಸರದಲ್ಲಿ ಪ್ಲಗ್ಗನ್ನು ಸಾಕೆಟ್ಟಿಗೆ ಸಿಕ್ಕಿಸಿ, ಉದ್ದದ ಹಿಡಿ ಹಾಕಿ ನೇರವಾಗಿ ತಿರುಗಿಸುತ್ತಾರೆ. ಪ್ಲಗ್ ಓರೆಯಾಗಿ ಹತ್ತಿದರೂ ಉಕ್ಕಿನ ಥ್ರೆಡ್ ಅಲ್ಯೂಮಿನಿಯಂ ಅನ್ನು ಕೊರೆದುಕೊಂಡು ಒಳಗೆ ಹೋಗಿಬಿಡುತ್ತದೆ. ಹಿಡಿಯ ಬಲದಲ್ಲಿ ಅದು ಕೈಗೆ ತಿಳಿಯುವುದೇ ಇಲ್ಲ. ಪರಿಚಯದವರೊಬ್ಬರ ಕಾರಿಗೆ ಒಂದು ಗ್ಯಾರೇಜಿನಲ್ಲಿ ಹೀಗೇ ಆಯಿತು. ಮೇಲಿನ ಪ್ಲಗ್ ಓರೆಯಾಗಿ ಕೂತು, ಎರಡು ವಾರ ಉಸ್ ಉಸ್ ಎಂದು ಸದ್ದು ಮಾಡಿ, ಕೊನೆಗೆ ಥ್ರೆಡ್ ಸಮೇತ ಹೊರಬಂತು. ಚೆನ್ನಾಗಿದ್ದ ಹೌಸಿಂಗ್ ಅದು.

ಇದಕ್ಕೆ ನಾನು ಬಳಸುವುದು ಅಂಗೈಯಷ್ಟು ಉದ್ದದ ರಬ್ಬರ್ ಪೈಪಿನ ತುಂಡು. ಪ್ಲಗ್ಗಿನ ಹಿಂಭಾಗದ ಪಿಂಗಾಣಿಯ ಮೇಲೆ ಬಿಗಿಯಾಗಿ ಕೂರುವಂಥದನ್ನು ಆರಿಸಿಕೊಳ್ಳಿ. ಪ್ಲಗ್ಗನ್ನು ಅದಕ್ಕೆ ಸಿಕ್ಕಿಸಿ ತೂತಿನ ಬಾಯಿಗೆ ತಾಗಿಸಿ. ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ನಿಧಾನವಾಗಿ ತಿರುಗಿಸಿ. ಒಂದು ಹಂತದಲ್ಲಿ ಪ್ಲಗ್ ‘ಟಕ್’ ಎಂದು ಕೂದಲೆಳೆಯಷ್ಟು ಒಳಕ್ಕೆ ಬಿದ್ದುದು ಬೆರಳಿಗೆ ತಿಳಿಯುತ್ತದೆ. ಎರಡೂ ಥ್ರೆಡ್‌ಗಳ ಬಾಯಿ ಕೂಡಿದ ಗುರುತು ಅದು. ಅಲ್ಲಿಂದ ಬಲಕ್ಕೆ ತಿರುಗಿಸಿ. ಸರಿಯಾಗಿ ಹತ್ತಿದ್ದರೆ ಎರಡೇ ಬೆರಳಿನಲ್ಲಿ ತಳ ಮುಟ್ಟುವವರೆಗೂ ಹೋಗುತ್ತದೆ. ಓರೆಯಾಗಿದ್ದರೆ ಪ್ಲಗ್ ನಿಲ್ಲುತ್ತದೆ, ರಬ್ಬರ್ ಮಾತ್ರ ಜಾರುತ್ತದೆ. ಆಗ ಹಿಂದಕ್ಕೆ ತಂದು ಮೊದಲಿನಿಂದ ಶುರು ಮಾಡಿ, ಹತ್ತು ಸಲವಾದರೂ ಸರಿ.

ತಳ ಮುಟ್ಟಿದ ಮೇಲಷ್ಟೇ ಸಾಕೆಟ್. ಬಿಗಿಯುವುದು ಟಾರ್ಕ್ ರೆಂಚಿನಿಂದ, ಸರ್ವಿಸ್ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಗೆ. ಕೈಯಂದಾಜು ಬೇಡ. ಥ್ರೆಡ್ಡಿಗೆ ಆ್ಯಂಟಿ ಸೀಜ್ ಪೇಸ್ಟ್ ಬಳಿಯುವವರಿದ್ದಾರೆ. ತನ್ನ ಪ್ಲಗ್‌ಗಳಿಗೆ ಅದು ಬೇಡವೆಂದು ಎನ್‌ಜಿಕೆಯೇ ಹೇಳುತ್ತದೆ. ಜಾರುವ ಥ್ರೆಡ್ಡಿನಲ್ಲಿ ಅದೇ ಅಳತೆಗೆ ತಿರುಗಿಸಿದರೂ ಬಿಗಿ ಮಿತಿಮೀರುತ್ತದೆ.

ಮೊದಲ ಸ್ಟಾರ್ಟ್

ಕೆಲಸ ಮುಗಿದ ಖುಷಿಯಲ್ಲಿ ಎರಡು ಸೆಕೆಂಡ್ ಸ್ಟಾರ್ಟ್ ಮಾಡಿ ‘ಸರಿಯಿದೆ’ ಎಂದು ಆಫ್ ಮಾಡಬೇಡಿ. ತಣ್ಣಗಿರುವ ರೋಟರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಶುರುವಿನಲ್ಲಿ ಹೆಚ್ಚಾಗಿ ಸುರಿದ ಪೆಟ್ರೋಲ್ ಸೀಲುಗಳ ಮೇಲಿನ ಆಯಿಲನ್ನು ತೊಳೆದುಬಿಡುತ್ತದೆ, ಒತ್ತಡ ನಿಲ್ಲುವುದಿಲ್ಲ, ಹೊಸ ಪ್ಲಗ್‌ಗಳು ಒದ್ದೆಯಾಗುತ್ತವೆ. ಸ್ಟಾರ್ಟ್ ಮಾಡಿದರೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಬಿಡಿ. ಈಗಾಗಲೇ ಪೆಟ್ರೋಲ್ ತುಂಬಿಕೊಂಡಿದ್ದರೆ ಆ್ಯಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದು ಕೆಲವು ಸೆಕೆಂಡ್ ಸ್ಟಾರ್ಟರ್ ಓಡಿಸಿ. ಹಾಗೆ ಒತ್ತಿದಾಗ ಕಂಪ್ಯೂಟರ್ ಪೆಟ್ರೋಲ್ ಕೊಡುವುದನ್ನು ನಿಲ್ಲಿಸುತ್ತದೆ.

ಬ್ಯಾಟರಿ ತೆಗೆದಿದ್ದರೆ ಆರ್‌ಎಕ್ಸ್-8ರಲ್ಲಿ ಇನ್ನೊಂದು ಕೆಲಸವಿದೆ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ, 8 ಸೆಕೆಂಡಿನೊಳಗೆ ಬ್ರೇಕ್ ಪೆಡಲನ್ನು 20 ಸಲ ಒತ್ತಿ. ಆಯಿಲ್ ಒತ್ತಡದ ಮುಳ್ಳು ಒಮ್ಮೆ ಆಡಿದರೆ ಕಂಪ್ಯೂಟರಿನ ಹಳೆಯ ನೆನಪು ಅಳಿಸಿದೆ ಎಂದರ್ಥ.

ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ. ನಡುಕ ಉಳಿದಿದ್ದರೆ ಸಂಶಯ ಕಾಯಿಲ್‌ಗಳ ಮೇಲೆ. ಆರ್‌ಎಕ್ಸ್-8ರ ಕಾಯಿಲ್‌ಗಳು ಮೊದಲಿನಿಂದಲೂ ದುರ್ಬಲ. ಅವು ಸೋತಾಗ ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುತ್ತದೆ. ಸ್ಕ್ಯಾನರಿನಲ್ಲಿ ಪಿ0301 ಎಂಬ ದೋಷದ ಕೋಡ್ ಬಂದರೆ ಮುಂದಿನ ರೋಟರ್, ಪಿ0302 ಬಂದರೆ ಹಿಂದಿನದು. ಮುಂದಿನ ಲೀಡಿಂಗ್ ಕಾಯಿಲನ್ನು ಹಿಂದಿನ ಲೀಡಿಂಗ್ ಕಾಯಿಲ್ ಜೊತೆ ಅದಲು ಬದಲು ಮಾಡಿ. ಕೋಡ್ ಕೂಡ ಜಾಗ ಬದಲಿಸಿದರೆ ಕಳ್ಳ ಸಿಕ್ಕಿದ. ಬದಲಾಯಿಸುವಾಗ ನಾಲ್ಕನ್ನೂ, ವೈರುಗಳ ಸಮೇತ, ಬದಲಾಯಿಸಿ.

ಕಾಯಿಲ್ ಸರಿಯಿದ್ದರೆ ಗಾಳಿ ಸೋರುವ ಪೈಪುಗಳು ಮತ್ತು ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್ ನೋಡಿ. ಅದೂ ಸರಿಯಿದ್ದು ನಡುಕ ಉಳಿದರೆ ಮಾತ್ರ ಕಂಪ್ರೆಷನ್ ಪರೀಕ್ಷೆ, ಅಂದರೆ ಒಳಗಿನ ಒತ್ತಡ ಅಳೆಯುವುದು. ಇದಕ್ಕೆ ರೋಟರಿಗೆಂದೇ ಮಾಡಿದ, ರೋಟರಿನ ಮೂರು ಮುಖಗಳನ್ನೂ ಬೇರೆ ಬೇರೆಯಾಗಿ ತೋರಿಸುವ ಮೀಟರ್ ಬೇಕು. ಸಾಮಾನ್ಯ ಗೇಜ್ ಮೂರರಲ್ಲಿ ದೊಡ್ಡದನ್ನಷ್ಟೇ ತೋರಿಸಿ, ಸೋತ ಮುಖವನ್ನು ಮುಚ್ಚಿಡುತ್ತದೆ. ಆರ್‌ಎಕ್ಸ್-8ಕ್ಕೆ 250 ಆರ್‌ಪಿಎಂನಲ್ಲಿ ಮಾಜ್ದಾ ಕೊಟ್ಟಿರುವ ಕನಿಷ್ಠ ಮಿತಿ 680 ಕಿಲೋಪ್ಯಾಸ್ಕಲ್. ಆರೂ ಮುಖಗಳ ಅಂಕಿಗಳನ್ನು ಬರೆದ ಕಾಗದ ಕೈಗೆ ಬರುವವರೆಗೆ ಎಂಜಿನ್ ಬಿಚ್ಚಲು ಯಾರಿಗೂ ಒಪ್ಪಿಗೆ ಕೊಡಬೇಡಿ.