ಸರ್ಕಾರಿ ಶಾಲೆಯಲ್ಲಿ ವಿಕಲಚೇತನ ಮಗುವಿನ ಹಕ್ಕನ್ನು ಕೇಳಿ ಪಡೆಯುವ ಬಗೆ

"ನಮ್ಮಲ್ಲಿ ಸೌಲಭ್ಯವಿಲ್ಲ, ವಿಶೇಷ ಶಾಲೆಗೆ ಸೇರಿಸಿ" ಎಂದು ಹೇಳಿ ಸರ್ಕಾರಿ ಶಾಲೆಯು ವಿಕಲಚೇತನ ಮಗುವನ್ನು ಹಿಂದಕ್ಕೆ ಕಳಿಸುವಂತಿಲ್ಲ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 16ನೇ ಕಲಂ ತಾರತಮ್ಯವಿಲ್ಲದ ದಾಖಲಾತಿಯನ್ನು ಶಾಲೆಯ ಕರ್ತವ್ಯವಾಗಿಸಿದೆ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ಮಗುವು 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯಬಹುದೆಂದು 31ನೇ ಕಲಂ ಹೇಳುತ್ತದೆ. ಆ ಆಯ್ಕೆಯನ್ನು ಶಾಲೆಯವರು ಮಾಡುವಂತಿಲ್ಲ.

ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡ್‌ಗೆ ಅರ್ಜಿ ಹಾಕಿದ ಬಳಿಕ, ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಕೊಡಿ. ಬೇಡಿಕೆ ನಿರ್ದಿಷ್ಟವಾಗಿರಲಿ. ಬರೀ "ಸಹಾಯ ಮಾಡಿ" ಎಂದು ಬರೆದರೆ ಸಾಲದು. "ಮಗುವಿಗೆ ದೃಷ್ಟಿ ಮಂದವಾಗಿರುವುದರಿಂದ ಮುಂದಿನ ಸಾಲಿನಲ್ಲಿ ಕೂರಿಸಿ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೊಡಿ" ಎಂದು ಬರೆಯಿರಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲವೂ 17ನೇ ಕಲಂನಲ್ಲಿಯೇ ಇರುವುದರಿಂದ ಸಂಕೋಚಪಡಬೇಕಾಗಿಲ್ಲ. ಮನವಿಯ ನಕಲಿನ ಮೇಲೆ ದಿನಾಂಕಸಹಿತ ಸ್ವೀಕೃತಿ ಸಹಿ ಹಾಕಿಸಿಕೊಳ್ಳಲೇಬೇಕು; ಬಾಯಿಮಾತಿನ ಭರವಸೆಗೆ ಮುಂದೆ ಯಾವ ಕಚೇರಿಯಲ್ಲೂ ಬೆಲೆ ಸಿಗುವುದಿಲ್ಲ.

ಉತ್ತರ ಬಾರದಿದ್ದರೆ ಅದೇ ನಕಲನ್ನು ಲಗತ್ತಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಿರಿ. ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಸಂಬಂಧಪಟ್ಟವರನ್ನು ಕರೆಸಿ ವಿಚಾರಿಸುವ ಮತ್ತು ದಾಖಲೆಗಳನ್ನು ತರಿಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರ ಅವರಿಗಿದೆ.